ನನ್ನ ಬೆರಳು, ಚೆನ್ನಿಯ ಮಾತು

ಖಾನಾಪುರದ ನಮ್ಮ ಮನಿಯಾಗ ನಾನು ಹುಟ್ಟಿದೆ, ಅದೇ ಮನಿಯಾಗ ಮುದುಕಿ ಆದೆ. ನಡುವೆ ಎಂಟು ತಿಂಗಳು ಮಾತ್ರ ಬ್ಯಾರೆ ಮನಿಯಾಗ ಇದ್ದೆ, ಅದನ್ನು ಮುಂದೆ ಹೇಳತೀನಿ. ಓದಿದವರು ಹುಟ್ಟಿದ ಮನಿ ಬಗ್ಗೆ ಬರೆಯುವಾಗ ಸಣ್ಣವರಿದ್ದಾಗಿನದು ಬರೀತಾರ. ನನಗ ಅಕ್ಷರ ಬಂದದ್ದು ನಲವತ್ತಾರನೇ ವಯಸ್ಸಿಗೆ. ಹಂಗಾಗಿ ಆ ಮನಿಯನ್ನು ನಾನು ಎರಡು ಸಲ ನೋಡಿದೆ, ಅಕ್ಷರ ಬರೋಕಿಂತ ಮೊದಲು ಒಮ್ಮೆ, ಬಂದ ಮ್ಯಾಲೆ ಒಮ್ಮೆ. ಎರಡೂ ಕೂಡಿಸಿ ಬರೀತೀನಿ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದ್ರಿ. ಒತ್ತು, ದೀರ್ಘ ನನಗ ಇವತ್ತಿಗೂ ಕೈಗೆ ಹತ್ತಿಲ್ಲ.

ಅಪ್ಪ ಹಂಚಿನ ಭಟ್ಟಿಯಾಗ ಕೆಲಸಕ್ಕಿದ್ದ. ಅದಕ್ಕ ನಮ್ಮ ಮನಿಗೆ ಮ್ಯಾಲಿನ ಹಂಚು ಮಾತ್ರ ಚಲೋ, ಗೋಡಿ ಎಲ್ಲಾ ಮಣ್ಣಿನವು. ಮುಂದೆ ಪಡಸಾಲಿ, ಅದರ ಹಿಂದೆ ಅಡಗಿಮನಿ, ಅಡಗಿಮನಿ ಮೂಲಿಯಾಗ ಬಚ್ಚಲ, ಆಮೇಲೆ ಹಿತ್ತಲ. ಇಡೀ ಮನಿಗೆ ಒಂದೇ ಬಲ್ಬು, ಪಡಸಾಲಿಯ ನಡುವೆ. ಆ ಬಲ್ಬಿನ ಕೆಳಗೆ ಒಂದು ಹೊರಸು, ಹೊರಸಿನ ಮ್ಯಾಲೆ ನನ್ನ ತಂಗಿ ಚೆನ್ನವ್ವ. ನನಗಿಂತ ಎರಡು ವರ್ಷ ಸಣ್ಣಾಕಿ. ಹುಟ್ಟಿದಾಗ ಅಳಲಿಲ್ಲ, ಮೈ ನೀಲಿ ಆಗಿತ್ತಂತ. ಆಮೇಲೆ ಕೈಕಾಲು ಸೆಟೆದುಕೊಂಡವು, ಕುತ್ತಿಗಿ ನಿಲ್ಲಲಿಲ್ಲ, ಮಾತು ಬರಲಿಲ್ಲ. ಬೆಳಕು ಅಲ್ಲಿ ಇದ್ದದ್ದಕ್ಕ ಎಲ್ಲಾ ಕೆಲಸ ಆ ಹೊರಸಿನ ಸುತ್ತ. ಅಕ್ಕಿ ಆರಿಸೋದು ಅಲ್ಲೇ, ಜಗಳ ಅಲ್ಲೇ, ಅಣ್ಣ ಈರಪ್ಪ ಅ ಆ ಇ ಈ ಒದರೋದೂ ಅಲ್ಲೇ. ಅವನು ಪಾಟಿಯನ್ನು ಚೆನ್ನಿಯ ದಿಂಬಿಗೆ ಆನಿಸಿಕೊಂಡು ಬರೀತಿದ್ದ. ಮುಂದೆ ಅವನ ಮಕ್ಕಳಿಬ್ಬರೂ ಅಲ್ಲೇ ಕುಂತು, ಅದೇ ದಿಂಬಿಗೆ ಪುಸ್ತಕ ಆನಿಸಿ ಓದಿದರು. ಚೆನ್ನಿ ಬಾಯಿ ತೆರಕೊಂಡು ನೋಡತಿದ್ದಳು. ಜೊಲ್ಲು ಪಾಟಿ ಮ್ಯಾಲೆ ಬಿದ್ದರ ಅಣ್ಣ ಅದರಲ್ಲೇ ಅಕ್ಷರ ಒರಸತಿದ್ದ.

ನಮ್ಮದು ಲಿಂಗ ಕಟ್ಟುವ ಮನಿ. ಪೂಜಿ ಆಗದ ಯಾರೂ ತುತ್ತು ಎತ್ತುವಂಗಿಲ್ಲ. ಚೆನ್ನಿಯ ಎಡಗೈ ಮುಷ್ಟಿ ತಾನಾಗಿ ಬಿಚ್ಚತಿರಲಿಲ್ಲ. ಅವ್ವ ದಿನಾ ಬಿಸಿನೀರಿನ ಅರಬಿ ಸುತ್ತಿ ಅದನ್ನು ಬಿಚ್ಚಿಸಿ, ಲಿಂಗ ಇಟ್ಟು, ಬುಡಕ್ಕ ತನ್ನ ಕೈ ಹಿಡಿದು, ವಿಭೂತಿ ಹಚ್ಚಿ ಪೂಜಿ ಮುಗಿಸತಿದ್ದಳು. ಅಷ್ಟರಾಗ ಸಾರು ಆರಿ ಹೋಗತಿತ್ತು. ಆಮೇಲಿನ ಕೆಲಸ ನನ್ನದು. ಅನ್ನ ನುರಿಸಿ ಮಜ್ಜಿಗಿ ಹಾಕಿ, ಸಣ್ಣ ತುತ್ತು ಮಾಡಿ ದವಡಿಗೆ ಇಡಬೇಕು. ನಾಲಿಗಿ ಮ್ಯಾಲೆ ಇಟ್ಟರ ಹೊರಗೆ ನೂಕತಿತ್ತು. ಒಂದು ಊಟಕ್ಕ ಒಂದು ತಾಸು. ನನ್ನನ್ನು ಸಾಲಿಗೆ ಹಾಕುವ ವರ್ಷ ಅವ್ವನೂ ಭಟ್ಟಿಗೆ ಮಣ್ಣು ಹೊರಲಿಕ್ಕೆ ಹೋಗತೊಡಗಿದಳು. ಅಣ್ಣನೂ ನೀನೂ ಇಬ್ಬರೂ ಸಾಲಿಗೆ ಹ್ವಾದರ ಇದನ್ನ ಯಾರು ನೋಡಬೇಕು ಅಂದಳು. ಇಕಿನ್ನ ಅನ್ನಲಿಲ್ಲ, ಇದನ್ನ ಅಂದಳು. ನಾನೂ ಹಂಗೇ ಅನ್ನತಿದ್ದೆ. ಯಾರಿಗೂ ಅದು ತಪ್ಪು ಅಂತ ಕಾಣತಿರಲಿಲ್ಲ.

ಮಂದಿ ಚೆನ್ನಿಯನ್ನು ಏನಾದರೂ ಕೇಳಬೇಕಾದರ ನನ್ನ ಮಾರಿ ನೋಡಿ ಕೇಳತಿದ್ದರು. ಹಸಿವಾಗೇತೇನ ಇಕಿಗೆ, ಥಂಡಿ ಹತ್ತೇತೇನ ಇಕಿಗೆ. ನಾನು ಹೇಳತಿದ್ದೆ. ಕಣ್ಣು ಮ್ಯಾಲೆತ್ತಿದರ ಹೌದು, ಮುಚ್ಚಿದರ ಅಲ್ಲ, ಅದು ನಾವಿಬ್ಬರೂ ಸಣ್ಣವರಿದ್ದಾಗ ಮಾಡಿಕೊಂಡಿದ್ದು. ಆದರ ಆಕಿಯ ತಲಿ ತಾನೇ ಹಿಂದಕ್ಕ ಜಗ್ಗತಿತ್ತು, ಆಗಲೂ ಕಣ್ಣು ಮ್ಯಾಲೆ ಹೋಗತಿದ್ದವು. ಖರೇ ಹೌದು ಯಾವುದು, ಸೆಳವು ಯಾವುದು ಅಂತ ನನಗ ಮಾತ್ರ ತಿಳೀತಿತ್ತು. ಹಂಗಂತ ನಾನು ಎಲ್ಲಾರಿಗೂ ಹೇಳಿಕೊಂಡಿದ್ದೆ. ಎಷ್ಟೋ ಸಲ ಕಣ್ಣು ನೋಡದೆನೇ ಹೇಳಿಬಿಡತಿದ್ದೆ. ಕೆಲಸ ಇರತಿದ್ದವು.

ಹದಿನೇಳಕ್ಕ ನನ್ನನ್ನು ದೇಸೂರಿಗೆ ಕೊಟ್ಟರು. ಗಂಡ ಕೆಟ್ಟವನಲ್ಲ. ಮಾತು ಕಡಿಮಿ, ಕುಡೀತಿರಲಿಲ್ಲ. ಎಂಟನೇ ತಿಂಗಳಿಗೆ ಅವ್ವ ಹೇಳಿ ಕಳಿಸಿದಳು, ಚೆನ್ನಿ ನಾಲ್ಕು ದಿನದಿಂದ ತುತ್ತು ಮುಟ್ಟವಲ್ಲಳು, ನಿನ್ನ ದಾರಿ ನೋಡಾಕತ್ತಾಳ ಅಂತ. ಬಂದೆ. ಗಂಜಿ ಕಾಯಿಸಿ ಕುಡಿಸಿದೆ, ಕುಡಿದಳು. ಓಣಿಯ ಹೆಂಗಸರು ಬಾಗಿಲಾಗ ನಿಂತು ನೋಡಿ, ಅಕ್ಕನ ಕೈನೇ ಬೇಕು ಇಕಿಗೆ ಅಂದರು. ಅವ್ವ ಎಂಟು ದಿನ ಇರು ಅಂದಳು. ಎಂಟು ದಿನ ಹೋಗಿ ಎಂಟು ತಿಂಗಳಾತು. ದೇಸೂರಿನಿಂದ ಎರಡು ಸಲ ಕರೆಯಲಿಕ್ಕೆ ಬಂದರು, ಮೂರನೇ ಸಲ ಬರಲಿಲ್ಲ. ಅವನು ಬ್ಯಾರೆ ಮದಿವಿ ಮಾಡಿಕೊಂಡ. ನಾನು ಅತ್ತಿದ್ದು ನೆನಪಿಲ್ಲ. ಅತ್ತಿರಬೇಕು.

ಆಮೇಲೆ ಭಾಳ ವರ್ಷ ಏನೂ ಆಗಲಿಲ್ಲ. ಅಪ್ಪ ಹೋದ, ಅವ್ವ ಹೋದಳು. ಅಣ್ಣ ಬೆಳಗಾವಿಯ ಫೌಂಡ್ರಿಗೆ ಹತ್ತಿದ, ಮುಂಜಾನೆ ಮೊದಲ ಬಸ್ಸಿಗೆ ಹೋಗಿ ಸಂಜಿಗೆ ಬರತಿದ್ದ. ಅವನ ಹೆಂಡತಿ ಸುಶೀಲಾ ವೈನಿ ಮರಾಠಿ ಸಾಲಿಯಾಗ ಆರನೇತ್ತ ಕಲಿತಾಕಿ. ಕಿರಾಣಿ ಪುಡಿಕಿ ಬಿಚ್ಚಿದ ಹಾಳಿಯನ್ನೂ ನಿಂತು ಓದಾಕಿ, ಕನ್ನಡ ಅಕ್ಷರ ಮಾತ್ರ ಒಂದೂ ಬರತಿರಲಿಲ್ಲ. ನನಗೂ ಆಕಿಗೂ ಆಗಿ ಬರತಿರಲಿಲ್ಲ, ಆಕಿ ಅಡಗಿಮನಿಯಾಗ ಇದ್ದರ ನಾನು ಹಿತ್ತಲದಾಗ. ಇಸವಿ ಎರಡು ಸಾವಿರ ಬಂತು ಅಂತ ಪ್ಯಾಟಿಯಾಗ ಪಟಾಕಿ ಹಾರಿಸಿದರಲ್ಲ, ಅದರ ಆಸುಪಾಸು ತಾಲೂಕ ಕಚೇರಿ ಅಂಗಳದಾಗ ಅಂಗವಿಕಲರ ಶಿಬಿರ ಆತು. ಗಾಲಿ ಕುರ್ಚಿ ಕೊಡತಾರ ಅಂತ ವೈನಿನೇ ಕೇಳಿಕೊಂಡು ಬಂದಳು. ಭಟ್ಟಿಯಿಂದ ಕೈಗಾಡಿ ತಂದು, ಕೌದಿ ಹಾಸಿ, ಚೆನ್ನಿಯನ್ನು ಮಲಗಿಸಿ ನಾನೂ ವೈನಿನೂ ನೂಕಿಕೊಂಡು ಹ್ವಾದೆವು. ಡಾಕ್ಟರ್ ಬಂದು ಕೈಕಾಲು ಎತ್ತಿ ಬಿಟ್ಟು, ತಿಳುವಳಿಕಿ ಎಷ್ಟೈತಿ ಅಂತ ನನ್ನನ್ನು ಕೇಳಿದರು. ಏನೂ ತಿಳಿಯಂಗಿಲ್ರಿ ಆಕಿಗೆ ಅಂದೆ. ಹಂಗೇ ಬರಕೊಂಡರು. ಚೆನ್ನಿಯ ಮುಷ್ಟಿ ಗಾಡಿಯ ಹಲಗಿಗೆ ಧಡ್ ಅಂತ ಬಡೀತು. ಅಲ್ಲಿ ಬೆಳಗಾವಿಯ ಒಂದು ಸಂಸ್ಥೆಯ ಟೀಚರ್ ನಿಂತಿದ್ದಳು, ಮಾಲತಿ ಅಂತ, ಮೂವತ್ತರ ಒಳಗಿನಾಕಿ. ಇವರು ಯಾಕ ಸಿಟ್ಟಾದ್ರು ಅಂತ ಕೇಳಿದಳು. ಸಿಟ್ಟಲ್ರಿ, ಸೆಳವು ಅಂದೆ.

ಆ ಟೀಚರ್ ಆಮೇಲೆ ಪ್ರತಿ ಮಂಗಳವಾರ ಬೆಳಗಾವಿಯಿಂದ ರೈಲಿಗೆ ನಮ್ಮ ಮನಿಗೆ ಬರತೊಡಗಿದಳು. ಬೇಡ ಅನ್ನಲಿಕ್ಕೆ ಯಾರಿಗೂ ಹೊಳೀಲಿಲ್ಲ. ಮೊದಲ ತಿಂಗಳು ಒಂದು ಹಲಗಿ ಮಾಡಿ ತಂದಳು. ನೀರು, ಅನ್ನ, ಬಚ್ಚಲ, ನೋವು, ಇವುಗಳ ಚಿತ್ರ ಅಂಟಿಸಿದ್ದು. ತೋರಿಸಿ ಕೇಳ್ರಿ, ಆಕಿ ಯಾವುದಕ್ಕ ಕಣ್ಣು ಎತ್ತತಾರ ಅದು ಕೊಡ್ರಿ ಅಂದಳು. ಹಲಗಿ ಹೊಸಾದು, ಬಣ್ಣದ್ದು. ನಾನು ಅದಕ್ಕ ಪ್ಲಾಸ್ಟಿಕ್ ಸುತ್ತಿ, ದೇವರ ಮಾಡದ ಬಾಜು ಮೊಳೆ ಬಡಿದು ತೂಗುಹಾಕಿದೆ. ಟೀಚರ್ ಬರುವ ದಿನ ತೆಗೆಯೋದು, ಹ್ವಾದ ಮ್ಯಾಲೆ ಒರೆಸಿ ಮತ್ತೆ ಹಾಕೋದು. ಖಂಡೆ ಪೂಜಿ ಬಂತು, ಕುಡಗೋಲು, ಈಳಿಗಿ, ಅಣ್ಣನ ಸ್ಪ್ಯಾನರು ಎಲ್ಲಾ ಪೂಜಿಗಿಟ್ಟಾಗ ಆ ಹಲಗಿಗೂ ವಿಭೂತಿ ಬಳಿದು ಚೆಂಡುಹೂವು ಏರಿಸಿದೆ. ಮುಂದಿನ ಮಂಗಳವಾರ ಟೀಚರ್ ಅದನ್ನು ನೋಡಿ ಹೂವು ತೆಗೆದು ಕೆಳಗಿಟ್ಟಳು.

“ಇದನ್ನ ಯಾಕ ಮ್ಯಾಲೆ ಹಾಕೀರಿ, ನೀಲವ್ವಕ್ಕ?”

“ಹೊಲಸ ಆಗತೈತಿ ಅಂತರಿ.”

“ನಿಮ್ಮ ನಾಲಿಗಿನೂ ಒರಿಸಿ ಗೂಟಕ್ಕ ಹಾಕತೀರೇನು?”

ಅಡಗಿಮನಿಯಿಂದ ವೈನಿ ಅಂದಳು, “ಹಾಕಿದ್ರ ಮನಿ ತಂಪ ಇರತಿತ್ರಿ.”

ಅವತ್ತೇ ಇನ್ನೊಂದು ಆತು. ಟೀಚರ್ ಚಿತ್ರಗಳ ಕೆಳಗೆ ಹೆಸರು ಬರೆದ ಚೀಟಿ ಅಂಟಿಸುವಾಗ ಗಡಿಬಿಡಿಯಾಗ ಬಚ್ಚಲದ ಕೆಳಗೆ ಅನ್ನ ಅಂತ ಅಂಟಿಸಿದ್ದಳಂತ. ನನಗ ಏನು ಗೊತ್ತಾಗಬೇಕು. ಚೆನ್ನಿ ನಗಲಿಕ್ಕೆ ಹತ್ತಿದಳು. ಜೊಲ್ಲು ಸುರಿಸಿಕೊಂಡು, ಮೈ ಎಲ್ಲಾ ಕುಣಿಸಿ ನಕ್ಕಳು. ಟೀಚರ್ ಚೀಟಿ ನೋಡಿದಳು, ಚೆನ್ನಿಯನ್ನು ನೋಡಿದಳು. ಇವರಿಗೆ ಓದಾಕ ಬರತೈತಿ ಅಂದಳು. ಹುಚ್ಚರಂಗ ನಕ್ಕರ ಓದಿದಂಗೇನ್ರಿ ಅಂದೆ. ಆಕಿ ಅಣ್ಣನ ಮಕ್ಕಳ ಹಳೇ ಪಾಟಿ ತಗೊಂಡು ಅದರ ಮ್ಯಾಲೆ ನಾಲ್ಕು ಹೆಸರು ಬರೆದು, ಇದರಾಗ ನಿಮ್ಮ ಹೆಸರು ಯಾವುದು ಅಂದಳು. ಟೀಚರ್ ಒಂದೊಂದರ ಮ್ಯಾಲೆ ಬೆರಳು ಇಟ್ಟಂಗ ಚೆನ್ನಿ ಕಣ್ಣು ಎತ್ತಿ ತೋರಿಸಿದಳು. ನಿಮ್ಮ ಅಕ್ಕನ ಹೆಸರು ಯಾವುದು ಅಂದಳು. ತೋರಿಸಿದಳು. ಆರು ಸಲ ಅಳಿಸಿ ಅಳಿಸಿ ಬರೆದಳು, ಆರೂ ಸಲ ತೋರಿಸಿದಳು. ನನ್ನ ಹೆಸರು ಬರೆದರ ಹೆಂಗಿರತೈತಿ ಅಂತ ನಾನು ನೋಡಿದ್ದು ಅವತ್ತೇ. ಆಕಿಯ ಸಲುವಾಗಿ ಸಾಲಿಗೆ ಹೋಗದ ಉಳಿದಾಕಿ ನಾನು. ಆಕಿ ಮಲಕೊಂಡಲ್ಲೇ ಸಾಲಿ ಕಲಿತಿದ್ದಳು. ನನಗ ಏನೂ ಅನಿಸಲಿಲ್ಲ. ಹಿತ್ತಲಕ್ಕ ಹೋಗಿ ಭಾಂಡೆ ತಿಕ್ಕಿದೆ. ತಿಕ್ಕಿದ್ದನ್ನೇ ತಿಕ್ಕತಿದ್ದೀ ಅಂತ ವೈನಿ ಬಂದು ಕೈಯಿಂದ ಕಸಕೊಂಡಳು.

ಆಮೇಲೆ ಅಕ್ಷರದ ಹಲಗಿ ಬಂತು. ಎಂಟು ಸಾಲು. ಮೊದಲಿನದು ಅ ಆ ದ್ದು, ಎರಡನೇದು ಕ ಖ ಗ, ಹಿಂಗ ಕೆಳಗೆ ಬಂದು ಕಡೀ ಸಾಲಿನಾಗ ಶ ಷ ಸ ಹ ಳ. ಹಿಡಿದವರು ಎಡಕ್ಕ ಮ್ಯಾಲಿನಿಂದ ಕೆಳಗೆ ಬೆರಳು ಇಳಿಸಬೇಕು. ಬೇಕಾದ ಸಾಲು ಬಂದಾಗ ಚೆನ್ನಿ ಕಣ್ಣು ಎತ್ತತಾಳ. ಅಲ್ಲಿ ನಿಂತು, ಆ ಸಾಲಿನ ಮ್ಯಾಲೆ ಒಂದೊಂದೇ ಅಕ್ಷರಕ್ಕ ಬೆರಳು ಸರಿಸಬೇಕು. ಮತ್ತೆ ಕಣ್ಣು ಎತ್ತಿದರ ಅದೇ ಅಕ್ಷರ. ಒತ್ತು, ದೀರ್ಘ ಬಿಟ್ಟು ಬರೇ ಅಕ್ಷರ ಕೂಡಿಸಿ ಮಾತು ತಿಳಕೊಳ್ಳಬೇಕು. ಇದನ್ನು ಹಿಡಿಯುವವರಿಗೆ ಅಕ್ಷರ ಬರಬೇಕು. ಅಣ್ಣ ದಿನಾ ಬೆಳಗಾವಿಗೆ, ವೈನಿಗೆ ಮರಾಠಿ, ಅಣ್ಣನ ಮಗಳು ಗಂಡನ ಮನಿಗೆ, ಮಗ ಕೆಲಸದ ಊರಿಗೆ. ಉಳಿದಾಕಿ ನಾನು. ಟೀಚರ್ ಮಂಗಳವಾರ ನಾಲ್ಕು ಅಕ್ಷರ ಹೇಳಿ ಹೋಗತಿದ್ದಳು, ಉಳಿದ ಆರು ದಿನ ಚೆನ್ನಿನೇ ಮಾಸ್ತರ. ನಾನು ಅಕ್ಷರದ ಹೆಸರು ತಪ್ಪು ಹೇಳಿದರ ಕಣ್ಣು ಗಟ್ಟ್ಯಾಗಿ ಮುಚ್ಚಿ ಮೂಗಿನಿಂದ ಒಂದು ಸಪ್ಪಳ ಮಾಡತಿದ್ದಳು. ಠ ಕ್ಕ ರ ಅಂದಾಗ ನಕ್ಕು ನಕ್ಕು ಠಸಕಿ ಹತ್ತಿಸಿಕೊಂಡು ಕೆಮ್ಮಿದಳು. ಮುಂಜಾನಿ ಊಟ ಉಣಿಸಿ, ಬಚ್ಚಲ ಮುಗಿಸಿ, ಬಾಗಿಲ ಮುಂದಿನ ಬಿಸಿಲಾಗ ಆಕಿಯನ್ನು ಕುಂದರಿಸಿ, ನಲವತ್ತಾರರ ಹೆಂಗಸು ನಾನು ಕ ಖ ಗ ಘ ಅಂತ ಒದರತಿದ್ದೆ. ಓಣಿಯವರು ನಿಂತು ನೋಡತಿದ್ದರು. ನೋಡಲಿ ಅಂತ ಬಿಟ್ಟೆ. ಮಳಿಗಾಲ ಒಂದು ಮುಗಿಯೂದರಾಗ ಅಕ್ಷರ ಬಂದವು.

ಆಕಿ ಆಡಿದ ಮೊದಲನೇ ಪೂರಾ ಮಾತು, ಮಜ್ಜಿಗಿ ಬ್ಯಾಡ. ನಲವತ್ತು ವರ್ಷ ಎರಡು ಹೊತ್ತು ಮಜ್ಜಿಗಿ ಅನ್ನ ಉಣಿಸಿದ್ದೆ, ಭಾಳ ಇಷ್ಟ ಆಕಿಗೆ ಅಂತ ಮಂದಿಗೂ ಹೇಳಿದ್ದೆ. ಅವತ್ತಿನಿಂದ ಸಾರು ಹಾಕಿದೆ. ಒಂದು ರವಿವಾರ ಅಣ್ಣ ಬಾಗಿಲಾಗ ನಿಂತು ತಂಬಾಕ ಉಗುಳಿ, ಏನಂತಾಳ ನಿಮ್ಮ ಪಂಡಿತಿ ಅಂತ ಚಾಷ್ಟಿ ಮಾಡಿದ. ಚೆನ್ನಿ ಹಲಗಿ ಬೇಕು ಅಂತ ಮೈ ಕುಣಿಸಿದಳು. ಹಿಡಿದೆ. ಕ ಬಂತು, ತ ಬಂತು, ಮತ್ತೊಂದು ತ ಬಂತು.

“ಕತ್ತಿ ಅಂತಾಳ ನಿನಗ.”

ಮೂಟಿ ಹೊರೂ ಕತ್ತಿ ಅನ್ನಿಸಿಕೊಂಡ ಅಣ್ಣ ಉಳಿದ ತಂಬಾಕನ್ನೂ ಉಗುಳಿದ. ವೈನಿ ನೆಲಕ್ಕ ಕುಂತು ಸೆರಗಿನಾಗ ಮಾರಿ ಇಟ್ಟು ನಕ್ಕಳು. ಎಷ್ಟ ವರ್ಷ ತಡಕೊಂಡಿದ್ಲೋ ಏನೋ ಪಾಪ ಅಂದಳು.

ಆ ಚಳಿಗಾಲದ ಒಂದು ಮಧ್ಯಾಹ್ನ, ಮನಿಯಾಗ ಇಬ್ಬರೇ ಇದ್ದಾಗ, ನಾನು ಕೇಳಬಾರದ್ದು ಕೇಳಿದೆ. ನಾ ದೇಸೂರಿಗೆ ಹ್ವಾದಾಗ ನೀ ಯಾಕ ಉಣ್ಣಲಿಲ್ಲ ಅಂತ. ಏನು ಹೇಳತಾಳ ಅಂತ ನನಗ ಗೊತ್ತಿತ್ತು. ಬರೇ ಅಕ್ಷರದಾಗ ನೋಡಬೇಕಾಗಿತ್ತು. ಬೆರಳು ಕಡೀ ಸಾಲಿಗೆ ಇಳೀತು, ಹ ದ ಮ್ಯಾಲೆ ನಿಂತಿತು. ಆಮೇಲೆ ಲ. ಇನ್ನೊಂದು ಲ.

“ಹಲ್ಲ?”

ಕಣ್ಣು ಎತ್ತಿದಳು. ದವಡಿ ಹಲ್ಲು ಬ್ಯಾನಿ ಇತ್ತೇನು ಅಂದೆ. ಎತ್ತಿದಳು. ಅವ್ವ ಆಗ ರೊಟ್ಟಿ ನುರಿಸಿ ಹಾಕತಿದ್ದಳು, ಅಗಿಯಲಿಕ್ಕೆ ಆಗತಿರಲಿಲ್ಲ. ನಾನು ಬಂದು ಗಂಜಿ ಮಾಡಿದೆ, ಅಗಿಯೋದು ಬೇಕಿರಲಿಲ್ಲ, ಕುಡಿದಳು. ನನ್ನ ದಾರಿ ನೋಡಿದ್ಯೋ ಇಲ್ಲೋ ಅಂತ ನಾನು ಕೇಳಲಿಲ್ಲ. ಹಲಗಿ ಕೆಳಗಿಟ್ಟು ಒಲಿಗೆ ಕಟಿಗಿ ಸರಿಸಿದೆ. ಒಂದು ಹಲ್ಲಿನ ಸಲುವಾಗಿ ನನ್ನ ಸಂಸಾರ ಹೋಗಿತ್ತು. ಕೀಳಸಿದ್ದರ ಮುಗೀತಿತ್ತು.

ಹಂಗೇ ಮತ್ತೊಂದು ವರ್ಷ ಹೋತು. ಒಂದು ಮಂಗಳವಾರ ಟೀಚರ್ ಒಂದು ಅರ್ಜಿ ಹಿಡಕೊಂಡು ಬಂದಳು. ಅವರ ಸಂಸ್ಥೆಯವರು ಬೆಳಗಾವಿಯಾಗ ದೊಡ್ಡ ಹೆಣ್ಣುಮಕ್ಕಳ ಸಲುವಾಗಿ ಒಂದು ಮನಿ ಮಾಡ್ಯಾರ, ಹತ್ತು ಮಂದಿ ಇರತಾರ, ಒಂದು ಜಾಗ ಐತಿ ಅಂದಳು. ಅಲ್ಲಿ ತಲಿಗೆ ಪಟ್ಟಿ ಕಟ್ಟಿ, ಪಟ್ಟಿಗೆ ಒಂದು ಕಡ್ಡಿ ಸಿಗಿಸಿ, ಆ ಕಡ್ಡಿಯಿಂದ ಮಶೀನಿನ ಗುಂಡಿ ಒತ್ತಿ ಬರೆಯೋದು ಕಲಿಸತಾರಂತ. ಅದು ಬಂದರ ಯಾರ ಬೆರಳೂ ಬೇಕಿಲ್ಲ. ಅವತ್ತು ರಜಾ ಇತ್ತು, ಅಣ್ಣನೂ ಮನಿಯಾಗಿದ್ದ. ಕಳಿಸೂದು ಬಿಡೂದು ನಂದಲ್ಲವಾ, ಅಕಿ ಹೂಂ ಅಂದ್ರ ಸಹಿ ಮಾಡತೀನಿ ಅಂದ. ಟೀಚರದು ಒಂದು ನೇಮ ಇತ್ತು. ಇಂಥಾ ದೊಡ್ಡ ಮಾತನ್ನು ಬರೇ ಹೌದು ಅಲ್ಲ ಅಂತ ಕಣ್ಣಿನಾಗ ಕೇಳಬಾರದು, ತಲಿ ಜಗ್ಗಿದ್ದನ್ನು ಹೌದು ಅಂತ ತಿಳಕೊಂಡುಬಿಡತೀವಿ, ಅಕ್ಷರದಾಗ ಕೇಳಬೇಕು ಅಂತ. ಹಂಗಾಗಿ ನಾನು ಹಲಗಿ ಹಿಡಿದೆ. ಟೀಚರ್ ಚೆನ್ನಿಯ ಬಾಜು ಕುಂತಿದ್ದಳು, ಆಕಿಗೆ ಚೆನ್ನಿಯ ಕಣ್ಣು ಕಾಣತಿರಲಿಲ್ಲ, ನನ್ನ ಬೆರಳು ಕಾಣತಿತ್ತು. ಅಣ್ಣ ಬಾಗಿಲಾಗ. ಟೀಚರ್ ಕೇಳಿದಳು.

“ಚೆನ್ನವ್ವಾ, ಬೆಳಗಾಂವಕ್ಕ ಬಂದು ಅಲ್ಲೇ ಇರತೀರೇನು? ಹೇಳ್ರಿ.”

ಬೆರಳು ಇಳಿಸಿದೆ. ಎಂಟನೇ ಸಾಲಿಗೆ, ಶ ಷ ಸ ಹ ದ ಸಾಲಿಗೆ, ಚೆನ್ನಿ ಕಣ್ಣು ಎತ್ತಿದಳು. ಸೆಳವಲ್ಲ. ಹ ಅಂದರ ಹೋಗತೀನಿ. ನನ್ನ ಬೆರಳು ಅಲ್ಲಿ ನಿಲ್ಲಲಿಲ್ಲ. ಮತ್ತೆ ಮ್ಯಾಲಿನಿಂದ ಇಳಿಸಿದೆ. ಮತ್ತೆ ಎಂಟನೇದಕ್ಕ ಎತ್ತಿದಳು, ಈ ಸಲ ಎತ್ತಿದ ಕಣ್ಣು ಇಳಿಸಲಿಲ್ಲ, ಅಲ್ಲೇ ಹಿಡಿದಳು. ನಾನು ಮೂರನೇ ಸಲ ಇಳಿಸಿ ಆರನೇ ಸಾಲಿಗೆ ನಿಂತೆ. ಪ, ಫ, ಬ. ಬ ಅಂದೆ. ಮತ್ತೆ ಇಳಿಸಿ ನಾಲ್ಕನೇ ಸಾಲಿಗೆ ನಿಂತು ಡ ಅಂದೆ. ಚೆನ್ನಿಯ ಮೈ ಎಲ್ಲಾ ಸೆಟೆದು ಬಿಲ್ಲಿನಂಗ ಆತು.

“ಬ್ಯಾಡ ಅಂತಾಳ.”

ಟೀಚರ್ ಸ್ವಲ್ಪ ಹೊತ್ತು ಹಾಳಿ ಮಡಿಚಿ ಬಿಚ್ಚಿ ಮಾಡಿದಳು. ಹತ್ತು ದಿನ ಟೈಮ್ ಐತಿ, ಮನಸು ಬದಲಾದರ ಹೇಳಿ ಕಳಿಸ್ರಿ ಅಂದು ರೈಲಿಗೆ ಹ್ವಾದಳು. ಯಾಕ ಹಂಗ ಮಾಡಿದೆ ಅಂತ ನನಗ ಯಾರೂ ಕೇಳಿಲ್ಲ. ಕೇಳಿದ್ದರ ಏನು ಹೇಳತಿದ್ದೆ ಅಂತ ಗೊತ್ತಿಲ್ಲ. ಬೆರಳು ಹೋತು. ನಲವತ್ತು ವರ್ಷ ಆಕಿಯ ಮಾತು ನಾನೇ ಆಡಿದ್ದೆ, ಅವತ್ತೂ ಹಂಗೇ ಆಡಿದೆ.

ಅವತ್ತಿನಿಂದ ಚೆನ್ನಿ ನನ್ನ ಕೈಯಿಂದ ಉಣ್ಣಲಿಲ್ಲ. ತುತ್ತು ತಂದರ ಹಲ್ಲು ಕಚ್ಚತಿದ್ದಳು. ಹಲಗಿ ತೋರಿಸಿದರ ಕಣ್ಣು ಮುಚ್ಚತಿದ್ದಳು. ವೈನಿ ಉಣಿಸಿದರ ನಾಲ್ಕು ತುತ್ತು ನುಂಗತಿದ್ದಳು. ವೈನಿಗೆ ಅನ್ನ ದವಡಿಗೆ ಇಡಲಿಕ್ಕೆ ಬರತಿರಲಿಲ್ಲ, ಅರ್ಧ ಕೌದಿ ಮ್ಯಾಲೆ. ಹಲ್ಲು ನೋಡಿದೆ, ಹಲ್ಲು ಎಲ್ಲಾ ಚಲೋ ಇದ್ದವು. ನಾಲ್ಕನೇ ದಿನಕ್ಕ ವೈನಿ ಭಾಂಡೆ ತಿಕ್ಕುತ್ತ ನನಗ ಬೆನ್ನು ಮಾಡಿಕೊಂಡೇ ಕೇಳಿದಳು, ಆವತ್ತ ಅಕಿ ಏನಂದ್ಲು ನೀಲವ್ವಾ. ಬ್ಯಾಡ ಅಂದಳು ಅಂದೆ. ಬ್ಯಾಡ ಅಂದಾಕಿ, ಅಂದಂಗ ಇಲ್ಲೇ ಇಟ್ಟುಕೊಂಡೋರ ಮ್ಯಾಲೆ ಯಾಕ ಸಿಟ್ಟಾಗತಾಳ ಅಂದಳು. ವೈನಿಗೆ ಆ ಹಲಗಿ ಓದಲಿಕ್ಕೆ ಬರತಿರಲಿಲ್ಲ, ಅದೊಂದು ಧೈರ್ಯ ಇತ್ತು ನನಗ.

ರವಿವಾರ ವೈನಿ ಅಣ್ಣನ ಕೈಯಾಗ ಹಲಗಿ ಕೊಟ್ಟಳು. ಎರಡು ವರ್ಷದಾಗ ಅವನು ಅದನ್ನು ಮುಟ್ಟಿರಲಿಲ್ಲ. ನನಗ್ಯಾಕ ಇದೆಲ್ಲಾ ಅಂದ. ನೀವ ಕೇಳ್ರಿ ಒಂದ ಸಲ, ಕತ್ತಿ ಅಂದ್ರ ಅನಲಿ ಅಂದಳು ವೈನಿ. ನಾನು ಒಳಗೆ ರೊಟ್ಟಿ ಬಡೀತಿದ್ದೆ. ಅಣ್ಣ ಹೊರಸಿನ ಬಾಜು ನೆಲಕ್ಕ ಕುಂತ ಸಪ್ಪಳ ಕೇಳಿಸಿತು. ಅವನಿಗೆ ಬೆರಳು ಹೆಂಗ ಇಳಿಸಬೇಕು ಅಂತ ಗೊತ್ತಿರಲಿಲ್ಲ. ಒಂದೊಂದೇ ಸಾಲು ಒದರಿಕೊಂಡು ಇಳಿಸಿದ, ಕ ಖ ಗ ಘ, ಚ ಛ ಜ ಝ, ಸಣ್ಣವನಿದ್ದಾಗ ಪಾಟಿ ಹಿಡಿದು ಒದರಿದಂಗ. ಚೆನ್ನಿ ಕಣ್ಣು ಎತ್ತಿದ್ದು ಖರೇನೋ ಸೆಳವೋ ಅಂತ ಅವನಿಗೆ ತಿಳೀಲಿಲ್ಲ, ಅದಕ್ಕ ಪ್ರತಿ ಅಕ್ಷರಕ್ಕೂ ಎರಡು ಸಲ ಕೇಳಿದ. ಇದೇನವಾ, ಖರೇ ಇದೇನ. ಎರಡು ರೊಟ್ಟಿ ಬೇಯೂದರಾಗ ಒಂದು ಅಕ್ಷರ. ಹ ಅಂದ. ಗ ಅಂದ. ತ ಅಂದ. ಆಮೇಲೆ ಮೂರನ್ನೂ ಕೂಡಿಸಿ ಒದರಿ ನೋಡಿದ.

“ಹೋಗತೀನಿ ಅಂತಾಳಲ್ಲ ಇಕಿ.”

ರೊಟ್ಟಿ ಹರೀತು. ಮುದ್ದಿ ಮಾಡಿ ಮತ್ತೆ ಬಡಿದೆ. ವೈನಿ ಅಡಗಿಮನಿ ಬಾಗಿಲಿಗೆ ಬಂದು ನಿಂತಳು. ಆಕಿ ಒದರತಾಳ, ಓಣಿ ಕೂಡಿಸತಾಳ ಅಂತ ತಿಳಕೊಂಡಿದ್ದೆ. ಸಣ್ಣ ದನಿಯಾಗ ಅಂದಳು.

“ನೀ ಹಂಗ ಮಾಡತೀ ಅಂತ ನನಗ ಅನಿಸಿರಲಿಲ್ಲ. ಬಾಯಿ ಜೋರು ನಂದ ಅಂತಾರ ಎಲ್ಲಾರೂ.”

“ಅಲ್ಲಿ ಯಾರು ಉಣಿಸಬೇಕು ಆಕಿಗೆ? ದವಡಿಗೆ ಇಡಬೇಕು ಅಂತ ಯಾರಿಗೆ ಗೊತ್ತೈತಿ?”

“ಅಕಿ ಹೇಳತಾಳ. ಹೇಳಾಕ ಬರತೈತಲ್ಲ ಈಗ ಅಕಿಗೆ.”

ಅಣ್ಣ ಎಸ್‌ಟಿಡಿ ಬೂತಿಗೆ ಹೋಗಿ ಟೀಚರಿಗೆ ಫೋನ್ ಮಾಡಿ ಬಂದ. ಬುಧವಾರ ಸಂಸ್ಥೆಯ ವ್ಯಾನು ಬಂತು. ನಾನು ಆಕಿಯ ಬಟ್ಟಿ, ಕೌದಿ, ಲಿಂಗದ ವಸ್ತ್ರ ಕಟ್ಟಿ ಕೊಟ್ಟೆ. ತುತ್ತು ಹೆಂಗ ಇಡಬೇಕು, ಮುಷ್ಟಿ ಹೆಂಗ ಬಿಚ್ಚಬೇಕು ಅಂತ ವ್ಯಾನಿನಾಗ ಬಂದ ಹುಡುಗಿಗೆ ಹೇಳಿಕೊಟ್ಟೆ. ಚೆನ್ನಿಯನ್ನು ಎತ್ತಿ ಸೀಟಿನ ಮ್ಯಾಲೆ ಕುಂದರಿಸಿದಾಕಿ ನಾನೇ. ಯಾವಾಗಲೂ ನಾನೇ ಎತ್ತತಿದ್ದೆ, ಆಕಿಯ ತೂಕ ನನ್ನ ನಡುವಿಗೆ ಗೊತ್ತು. ಆಕಿ ನನ್ನ ಕಡೆ ನೋಡಲಿಲ್ಲ. ವ್ಯಾನು ಹೋತು. ನಾನು ಹೊರಸು ಎತ್ತಿ ಹೊರಗೆ ಹಾಕಿ ಪಡಸಾಲಿ ಸಾರಿಸಿದೆ. ಬಲ್ಬಿನ ಕೆಳಗೆ ಅಷ್ಟು ಜಾಗ ಇತ್ತು ಅಂತ ಗೊತ್ತೇ ಇರಲಿಲ್ಲ. ಮಧ್ಯಾಹ್ನ ಉಂಡೆ, ಒಂದು ತಾಸು ಉಳೀತು. ಆ ತಾಸಿನಾಗ ಏನು ಮಾಡಬೇಕು ಅಂತ ತಿಳೀದ ಬಾಗಿಲಾಗ ಕುಂತೆ. ಮರುದಿನವೂ ಕುಂತೆ.

ಐದು ತಿಂಗಳು ನಾನು ಹೋಗಲಿಲ್ಲ. ಅಣ್ಣ ಸಂಜಿಗೆ ಫೌಂಡ್ರಿ ಬಿಟ್ಟ ಮ್ಯಾಲೆ ಹಾದು ಹೋಗಿ ನೋಡಿ ಬರತಿದ್ದ, ವೈನಿಗೆ ಹೇಳತಿದ್ದ, ನನಗ ವೈನಿ ಹೇಳತಿದ್ದಳು. ದಪ್ಪ ಆಗ್ಯಾಳ. ಕಡ್ಡಿಯಿಂದ ಗುಂಡಿ ಒತ್ತೂದು ಕಲಿಯಾಕತ್ತಾಳ, ಕುತ್ತಿಗಿ ಲಗೂನ ಸೋಲತೈತಿ, ಉಳಿದ ಹೊತ್ತು ಹಲಗಿನೇ. ನನ್ನನ್ನು ಕೇಳಿದಳೇನು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆರನೇ ತಿಂಗಳು ವೈನಿ ಒಂದು ಮುಂಜಾನಿ ಇಳಕಲ್ ಸೀರಿ ತೆಗೆದು ನನ್ನ ಮ್ಯಾಲೆ ಒಗೆದು, ಉಟ್ಕೊಂಡ ಹೋಗಿ ಬಾ, ಮನ್ಯಾಗ ನಿನ್ನ ಮಾರಿ ನೋಡಿ ನೋಡಿ ನನಗ ಬ್ಯಾಸರ ಬಂದೈತಿ ಅಂದಳು. ಖಾನಾಪುರ ಸ್ಟ್ಯಾಂಡಿನಿಂದ ಬಸ್ಸಿಗೆ ಹ್ವಾದೆ. ಬೆಳಗಾವಿಯಾಗ ಇಳಿದು ಸಿಟಿ ಬಸ್ಸಿನ ಮ್ಯಾಲೆ ಬರೆದದ್ದನ್ನು ನಾನೇ ಓದಿಕೊಂಡು ಹತ್ತಿದೆ. ಯಾರನ್ನೂ ಕೇಳಲಿಲ್ಲ. ಕೂಡಿಸಿ ಓದೂದರಾಗ ಎರಡು ಬಸ್ಸು ಹೋದವು, ಮೂರನೇದು ಸಿಕ್ಕಿತು.

ಅಂಗಳದಾಗ ಮಾವಿನ ಗಿಡದ ಕೆಳಗೆ ಗಾಲಿ ಕುರ್ಚಿ ಮ್ಯಾಲೆ ಚೆನ್ನಿ ಕುಂತಿದ್ದಳು. ಕೂದಲ ಕತ್ತರಿಸಿದ್ದರು. ನನ್ನನ್ನು ನೋಡಿ ಸಪ್ಪಳ ಮಾಡಿದಳು, ಯಾವ ಸಪ್ಪಳ ಅಂತ ನನಗ ತಿಳೀಲಿಲ್ಲ. ಮೊದಲಾಗಿದ್ದರ ತಿಳೀತು ಅನ್ನತಿದ್ದೆ. ಊಟದ ಹೊತ್ತಾಗಿತ್ತು, ಉಣಿಸುವ ಹುಡುಗಿ ತುತ್ತನ್ನು ದವಡಿಗೇ ಇಟ್ಟಳು. ನಾನು ನೋಡಿಕೊಂಡು ಕುಂತೆ. ಊಟ ಆದ ಮ್ಯಾಲೆ ವಾರ್ಡನ್ ಬಾಯಿ ಬಂದಳು, ನನ್ನ ವಯಸ್ಸಿನಾಕಿ. ಹಲಗಿ ಹಿಡಿಯೂ ಆಯಾ ಕೆಲಸ ಬಿಟ್ಟು ಹ್ವಾದಳು, ಹೊಸಬರಿಗೆ ಕಲಿಸೂದರಾಗ ಸಾಕಾಗೈತಿ, ನಿಮಗ ಬರತೈತಂತಲ್ಲ ಅಂತ ಕೇಳಿದಳು. ಬರತೈತ್ರಿ ಅಂದೆ. ಹಂಗಾದ್ರ ನೀವು ಇಲ್ಲೇ ಕೆಲಸಕ್ಕ ಬಂದು ಇರ್ರಿ, ತಂಗಿನೂ ಕಣ್ಣ ಮುಂದ ಇರತಾಳ ಅಂದಳು. ನನಗ ಆಸಿ ಆತು. ಸುಳ್ಳು ಯಾಕ ಬರೀಲಿ, ಭಾಳ ಆಸಿ ಆತು. ಅಲ್ಲೇ ಒಂದು ಮೂಲಿಯಾಗ ನನ್ನ ಹಾಸಿಗಿ ಎಲ್ಲಿ ಹಾಸಬೇಕು ಅಂತ ಸೈತ ನೋಡಿಬಿಟ್ಟೆ. ವಾರ್ಡನ್ ಬಾಯಿ ಮತ್ತೆ ಅಂದಳು.

“ಆದ್ರ ಮೊದಲ ಚೆನ್ನವ್ವನ್ನ ಕೇಳಬೇಕ್ರಿ. ಇಲ್ಲಿ ಯಾವುದೂ ಅವರನ್ನ ಕೇಳಲಾರದ ಮಾಡಂಗಿಲ್ಲ. ನೀವ ಹಲಗಿ ಹಿಡೀರಿ, ನಿಮಗ ಬರತೈತಲ್ಲ.”

ಹಲಗಿ ಹಿಡಿದೆ. ವಾರ್ಡನ್ ಬಾಯಿ ಕುರ್ಚಿಯ ಹಿಂದೆ ನಿಂತಿದ್ದಳು. ಆಕಿಗೆ ಕಾಣೂದು ನನ್ನ ಬೆರಳು ಮಾತ್ರ. ನಿಮ್ಮಕ್ಕ ಇಲ್ಲೇ ಇರಲೇನ್ರಿ ಅಂತ ಆಕಿನೇ ಕೇಳಿದಳು. ನಾನು ಮ್ಯಾಲಿನಿಂದ ಬೆರಳು ಇಳಿಸಿದೆ. ಆರನೇ ಸಾಲಿಗೆ ಚೆನ್ನಿ ಕಣ್ಣು ಎತ್ತಿದಳು. ಸೆಳವಲ್ಲ. ನಿಂತೆ. ಪ ಕ್ಕ ಎತ್ತಲಿಲ್ಲ, ಫ ಕ್ಕ ಎತ್ತಲಿಲ್ಲ. ಬ ಕ್ಕ ಎತ್ತಿದಳು. ಬ ಅಂದೆ. ಮತ್ತೆ ಮ್ಯಾಲಿನಿಂದ ಇಳಿಸಿದೆ. ನಾಲ್ಕನೇ ಸಾಲು. ಟ, ಠ, ಡ. ಎತ್ತಿದಳು. ಅಲ್ಲಿ ಬೆರಳು ಇಟ್ಟುಕೊಂಡೇ ಇದ್ದೆ.

“ಬ್ಯಾಡ ಅಂತಾಳ.”

ವಾರ್ಡನ್ ಬಾಯಿ ಮುಂದೆ ಬಂದು ನನ್ನ ಮಾರಿ ನೋಡಿದಳು. ಸರಿ ಓದಿದ್ರೇನ್ರಿ, ಇನ್ನೊಮ್ಮೆ ಕೇಳ್ರಿ ಅಂದಳು. ಇನ್ನೊಮ್ಮೆ ಇಳಿಸಿದೆ, ಹೋದ ಸಲಕ್ಕಿಂತ ಸಾವಕಾಶ, ಒಂದೊಂದು ಸಾಲಿಗೂ ನಿಂತು ನಿಂತು. ಅವೇ ಎರಡು ಅಕ್ಷರ ಬಂದವು. ಅವನ್ನೇ ಓದಿ ಹೇಳಿದೆ.